ಭದ್ರಾವತಿಯಿಂದ ಕರೆಂಟು ವಾಪಸು ಬರುವ ದಾರಿ

ಓಂಕಾರಪ್ಪನವರಿಗೆ ಈ ಲೋಕದಲ್ಲಿ ಉತ್ತರ ತಿಳಿಯದ ಪ್ರಶ್ನೆ ಎಂಬುದೇ ಇರಲಿಲ್ಲ. ಇದನ್ನು ಹೊಗಳಿಕೆ ಎಂದು ಯಾರೂ ತಿಳಿಯಬಾರದು. ಇದು ಒಂದು ಕಾಯಿಲೆ, ಮತ್ತು ಅವರಿಗೆ ಅದು ಅಂಟಿದ್ದು ಕೆಲಸದಿಂದ. ಶಿವಮೊಗ್ಗದ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿ ರೂಟಿಗೆ ಬಹಳ ವರ್ಷ ಟೈಮ್‌ಕೀಪರ್ ಆಗಿದ್ದವರು ಅವರು. ಆ ಕುರ್ಚಿಯಲ್ಲಿ ಕೂತವನು "ಗೊತ್ತಿಲ್ಲ" ಎಂದರೆ ಅವತ್ತಿಗೆ ಅವನ ಮರ್ಯಾದೆ ಮುಗಿಯಿತು. "ಗಾಡಿ ಎಷ್ಟೊತ್ತಿಗೆ ಸ್ವಾಮಿ?" ಎಂದು ಯಾರಾದರೂ ಕೇಳಿದರೆ "ಈಗ ಬಂತು" ಎನ್ನಬೇಕು. ಗಾಡಿ ಅರ್ಧ ದಾರಿಯ ಮಾಚೇನಹಳ್ಳಿಯಲ್ಲಿ ಪಂಕ್ಚರ್ ಆಗಿ ಮಲಗಿದ್ದರೂ "ಈಗ ಬಂತು" ಎನ್ನಬೇಕು. ಹೀಗೆ ಪಳಗಿದ ನಾಲಿಗೆ ರಿಟೈರ್ ಆದ ಮೇಲೆ ಸುಮ್ಮನಾದೀತೇ?

ಗೋಪಾಳ ಬಡಾವಣೆಯ ಅವರ ಬೀದಿಯಲ್ಲಿ ಯಾರ ಮನೆ ನಲ್ಲಿಯಲ್ಲಿ ನೀರು ಕೆಂಪಗೆ ಬಂದರೂ, ಯಾರ ಕರುವಿಗೆ ಭೇದಿಯಾದರೂ, ಯಾವ ದೇಶದ ಸರ್ಕಾರ ಬಿದ್ದರೂ ಅದರ ಕಾರಣ ಓಂಕಾರಪ್ಪನವರ ಜಗಲಿಯಲ್ಲಿ ಸಿಗುತ್ತಿತ್ತು. ಹೆಂಡತಿ ಸುಭದ್ರಮ್ಮ ಇದನ್ನೆಲ್ಲ ಹೇಗೋ ಸಹಿಸಿಕೊಂಡು ಬಂದಿದ್ದರು. ಸಹಿಸಲಾಗದೆ ಹೋದದ್ದು ಮಗಳು ಅಕ್ಷರಾಳ ಮದುವೆ ಮಾತು ಶುರುವಾದ ಮೇಲೆ. ಮೊದಲು ಬಂದ ಸಂಬಂಧದಲ್ಲಿ ಹುಡುಗನ ಚಿಕ್ಕಪ್ಪ ಹೃದಯದ ಡಾಕ್ಟರು. ಓಂಕಾರಪ್ಪನವರು ಅವರಿಗೆ ಹೃದಯ ಹೇಗೆ ಬಡಿಯುತ್ತದೆ ಎಂದು ವಿವರಿಸಿದರು. ಡಾಕ್ಟರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಬಂದದ್ದು ದಾವಣಗೆರೆಯ ಸಂಬಂಧ. ಅದು ಹೇಗೆ ಮುರಿಯಿತೆಂದು ಆ ಮನೆಯಲ್ಲಿ ಇವತ್ತಿಗೂ ಯಾರೂ ಬಾಯಿ ಬಿಡುವುದಿಲ್ಲ.

ಈಗ ಬಂದಿರುವುದು ಭದ್ರಾವತಿಯ ಹುಡುಗ ವೀರೇಂದ್ರ. ರಂಗಪ್ಪ ಸರ್ಕಲ್ ಹತ್ತಿರ ಅವನದೇ ಒಂದು ಮೆಡಿಕಲ್ ಶಾಪು. ತಂದೆ ಹಾಲೇಶಪ್ಪ ಕಾಗದದ ಕಾರ್ಖಾನೆಯಲ್ಲಿ ದುಡಿದು, ಕಾಗದನಗರದ ಅಂಚಿನಲ್ಲೇ ಮನೆ ಕಟ್ಟಿಸಿಕೊಂಡು ಆರಾಮಾಗಿದ್ದವರು. ತಾಯಿ ಜಲಜಮ್ಮ ದೈವಭಕ್ತೆ. ಹುಡುಗಿ ನೋಡುವ ಶಾಸ್ತ್ರ ಮುಗಿದಿತ್ತು, ಹುಡುಗನಿಗೆ ಒಪ್ಪಿಗೆಯಾಗಿತ್ತು. ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸದಲ್ಲಿದ್ದ ಅಕ್ಷರಾ ಕೂಡ ಈ ಸಲ ತಾನಾಗಿಯೇ ಬಾಯಿ ಬಿಟ್ಟು ಹೂಂ ಎಂದಿದ್ದಳು. ಓಂಕಾರಪ್ಪನವರಿಗೆ ಮಾತ್ರ ಹುಡುಗನ ಮೇಲೆ ಒಂದು ಸಣ್ಣ ಆಕ್ಷೇಪಣೆ. ಹುಡುಗ ಒಳ್ಳೆಯವನೇ, ಆದರೆ ಅವನ ಬಾಯಿಂದ ಒಂದು ಮಾತು ಹೊರಡುವಷ್ಟರಲ್ಲಿ ಒಂದು ಬಸ್ಸು ತಪ್ಪಿಹೋಗುತ್ತದೆ.

ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರುವುದು. ಹೊರಡುವ ದಿನ ಅಕ್ಷರಾ ತಂದೆಯ ಎದುರು ಬಂದು ನಿಂತಳು.

"ಅಪ್ಪಾಜಿ, ನಂಗೆ ಈ ಹುಡುಗ ಇಷ್ಟ ಆಗಿದಾನೆ. ನಿಮ್ಮನ್ನ ಒಂದೇ ಒಂದು ಕೇಳ್ಕೋತೀನಿ. ಊಟ ಮಾಡಿ, ಎಲೆಅಡಿಕೆ ಹಾಕ್ಕೊಳ್ಳಿ, ಬನ್ನಿ. ಯಾರಿಗೂ ಏನೂ ವಿವರಿಸ್ಬೇಡಿ."

"ನಾನ್ಯಾಕಮ್ಮ ವಿವರಿಸ್ಲಿ? ಅವ್ರಾಗೇ ಕೇಳಿದ್ರೆ ಮಾತ್ರ..."

"ಕೇಳಿದ್ರೂ ಬೇಡ."

ಓಂಕಾರಪ್ಪನವರು ತಲೆಯಾಡಿಸಿದರು. ಆ ಕ್ಷಣಕ್ಕೆ ಅವರ ಮನಸ್ಸು ಶುದ್ಧವಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಹಾಲೇಶಪ್ಪನವರ ಮನೆಯಲ್ಲಿ ಹೋಳಿಗೆ, ಕಟ್ಟಿನ ಸಾರಿನ ಊಟ ಭರ್ಜರಿಯಾಗಿ ಆಯಿತು. ಓಂಕಾರಪ್ಪನವರು "ಸಾರು ಚೆನ್ನಾಗಿದೆ" ಎಂಬುದೊಂದನ್ನು ಬಿಟ್ಟು ತುಟಿ ಬಿಚ್ಚಲಿಲ್ಲ. ಸುಭದ್ರಮ್ಮನಿಗೆ ಗಂಡನ ಮೇಲೆ ಹೆಮ್ಮೆ ಉಕ್ಕಿ ಬಂತು. ಊಟವಾದ ಮೇಲೆ ಎಲ್ಲರೂ ಹಿತ್ತಿಲ ಕಡೆಯ ಜಗಲಿಯಲ್ಲಿ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಕೂತರು. ಎದುರಿಗೆ ಬಯಲು. ಬಯಲಿನಲ್ಲಿ ಒಂದು ದೊಡ್ಡ ಕರೆಂಟ್ ಟವರು. ಅದರ ತೋಳುಗಳಲ್ಲಿ ಮೂರು ದಪ್ಪ ತಂತಿಗಳು, ನೆತ್ತಿಯಲ್ಲಿ ಒಂದು ಸಣ್ಣ ತಂತಿ.

"ಅಲ್ಲಾ ಓಂಕಾರಪ್ನೋರೆ," ಎಂದರು ಹಾಲೇಶಪ್ಪ, ಹೊತ್ತು ಕಳೆಯಲು. "ನಾನು ದಿನಾ ಇಲ್ಲಿ ಕೂತು ನೋಡ್ತೀನಿ. ಮನೇಲಾದ್ರೆ ವೈರು ಎರಡು ಇರ್ತವೆ, ಒಂದ್ರಲ್ಲಿ ಬಂದ ಕರೆಂಟು ಇನ್ನೊಂದ್ರಲ್ಲಿ ವಾಪಸ್ ಹೋಗುತ್ತೆ ಅಂತ ನಮ್ಮ ಮಿಲ್ಲಿನ ಎಲೆಕ್ಟ್ರಿಷಿಯನ್ ಹೇಳ್ತಿದ್ದ. ಇಲ್ಲಿ ನೋಡಿದ್ರೆ ಮೂರು ತಂತಿ, ಮೂರೂ ಒಂದೇ ಥರ. ವಾಪಸ್ ಹೋಗೋದು ಯಾವುದ್ರಲ್ಲಿ?"

ಸುಭದ್ರಮ್ಮ ಗಂಡನ ತೋಳು ಚಿವುಟಿದರು. "ರೀ, ಎಲೆಗೆ ಸುಣ್ಣ ಜಾಸ್ತಿ ಆಗಿದೆ, ಬಾಯಿ ಸುಟ್ಕೊಂಡೀರಿ, ಸುಮ್ನಿರಿ," ಎಂದರು.

ಇಲ್ಲಿ ಓಂಕಾರಪ್ಪನವರ ತಲೆಯಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಅನಾಹುತವೆಲ್ಲ ಹುಟ್ಟಿದ್ದು ಅಲ್ಲಿ. ಟೈಮ್‌ಕೀಪರಿಗೆ ಇರುವುದು ಒಂದೇ ಧರ್ಮ: ಹೋದ ಗಾಡಿ ವಾಪಸು ಬರಲೇಬೇಕು. ಮೂರು ತಂತಿಯಲ್ಲಿ ಎರಡು ಹೋಗಿ ಒಂದು ಬರುತ್ತದೆ ಎಂದುಕೊಂಡರೆ ಭದ್ರಾವತಿಯಲ್ಲಿ ಗಾಡಿಗಳು ಗುಡ್ಡೆ ಬೀಳುತ್ತವೆ. ನೆತ್ತಿಯ ಸಣ್ಣ ತಂತಿಯಲ್ಲಿ ಎಲ್ಲ ವಾಪಸು ಬರುತ್ತದೆ ಎನ್ನೋಣವೆಂದರೆ, ಮೂರು ಬಸ್ಸಿನ ಜನ ಒಂದು ಆಟೋದಲ್ಲಿ ಬಂದಂತಾಯಿತು. ಅದೂ ಆಗದ ಮಾತು. ಮೇಲೆ ದಾರಿ ಇಲ್ಲ ಎಂದಮೇಲೆ ಕೆಳಗೇ ಇರಬೇಕಲ್ಲ!

"ಭೂಮೀಲಿ," ಎಂದರು ಓಂಕಾರಪ್ಪ.

"ಆಂ?"

"ಭೂಮಿ ಒಳಗೆ ಬರುತ್ತೆ. ನಿಮ್ಮನೇಲಿ ಅರ್ಥಿಂಗ್ ಗುಂಡಿ ಇಲ್ವಾ? ಉಪ್ಪು, ಇದ್ದಿಲು ತುಂಬಿ, ಬೇಸಗೇಲಿ ನೀರು ಹಾಕಲ್ವಾ? ಯಾಕೆ ಹಾಕ್ತೀವಿ? ವಾಪಸ್ ಹೋಗೋ ಕರೆಂಟಿಗೆ ದಾರಿ ತಂಪಾಗಿರ್ಲಿ ಅಂತ. ಆ ಟವರಿನ ಕಾಲು ನೋಡಿ, ನಾಲ್ಕೂ ಮಣ್ಣಲ್ಲಿ ಹೂತಿದಾರೆ. ಬರೀ ನಿಂತ್ಕೊಳ್ಳೋಕೆ ಅಷ್ಟು ಆಳ ಬೇಕಾ ಸ್ವಾಮಿ?"

ಹಾಲೇಶಪ್ಪ ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ಮರೆತರು. ಒಳಗಿನಿಂದ ಬಂದ ಜಲಜಮ್ಮ ಕುರ್ಚಿಯಲ್ಲಿ ಕೂರುತ್ತ ಕೇಳಿದರು: "ಹಂಗಾದ್ರೆ ಈಗ, ನಾವು ಕೂತಿರೋ ಈ ಜಗಲಿ ಕೆಳಗೆ..."

"ಹೋಗ್ತಾ ಇದೆ ತಾಯಿ. ಇಡೀ ಭದ್ರಾವತಿ ಕರೆಂಟು. ಶಿವಮೊಗ್ಗದ ಕಡೆಗೆ."

ಜಲಜಮ್ಮ ಎರಡೂ ಕಾಲುಗಳನ್ನು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು. ಕಂಬಕ್ಕೆ ಒರಗಿ ನಿಂತಿದ್ದ ವೀರೇಂದ್ರ ಏನೋ ಹೇಳಲು ಹೊರಟ, ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತು.

ಆಮೇಲೆ ಕೆಲವು ದಿನ ಭದ್ರಾವತಿಯಿಂದ ಸುದ್ದಿಯೇ ಇಲ್ಲ. "ಒಳ್ಳೆ ಮನೆತನದೋರು, ನಿಧಾನವಾಗಿ ತಿಳಿಸ್ತಾರೆ," ಎಂದು ಓಂಕಾರಪ್ಪನವರು ಸಮಾಧಾನ ಹೇಳುತ್ತಿದ್ದರು. ಕಾಗದನಗರದ ಆ ಬೀದಿಯಲ್ಲಿ ಅಷ್ಟರೊಳಗೆ ಏನು ನಡೆದಿತ್ತೆಂದು ಅವರಿಗೆ ಹೇಗೆ ತಿಳಿಯಬೇಕು?

ಜಲಜಮ್ಮ ಮಾರನೆಯ ಬೆಳಿಗ್ಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ರಂಗೋಲಿ ಹಾಕಿದರು. ಎದುರು ಮನೆಯ ಉಚ್ಚಂಗಮ್ಮ ಇದನ್ನು ನೋಡಿ ಹೌಹಾರಿ ಕಾರಣ ಕೇಳಿದರು. ಜಲಜಮ್ಮ ಹೇಳಿದರು. ಉಚ್ಚಂಗಮ್ಮ ಮನೆಗೆ ಹೋಗಿ ಒಂದು ಪ್ಲೈವುಡ್ ಹಲಗೆಯ ಮೇಲೆ ರಂಗೋಲಿ ಬಿಟ್ಟು, ಗೇಟಿಗೆ ಒರಗಿಸಿ ನಿಲ್ಲಿಸಿದರು. ಅವರ ಗಂಡ ಬಂಗಾರಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹಳೆಯ ಲಾರಿ ಟ್ಯೂಬು ಸೀಳಿ ಕೊಟ್ಟಿಗೆಯಲ್ಲಿ ಹಾಸಿ, ಎಮ್ಮೆಯನ್ನು ಅದರ ಮೇಲೆ ಹತ್ತಿಸಿದ. ಎಮ್ಮೆ ಜಾರಿ ಧೊಪ್ಪನೆ ಬಿತ್ತು.

"ನೋಡಿದ್ರಾ! ಹೊಡೀತು!" ಎಂದು ಬಂಗಾರಪ್ಪ ಕೂಗಿದ ಕೂಗು ಇಡೀ ಬೀದಿಗೆ ಕೇಳಿಸಿತು.

ಅಲ್ಲಿಂದ ಮುಂದೆ ಯಾರಿಗೂ ಸಂಶಯ ಉಳಿಯಲಿಲ್ಲ. ಜನ ಮಣೆಯ ಮೇಲೆ ನಿಂತು ಸ್ನಾನ ಮಾಡಿದರು. ಯಾರದೋ ಕೋಳಿ ಸತ್ತದ್ದು, ಯಾರದೋ ತುಳಸಿ ಒಣಗಿದ್ದು, ಯಾರದೋ ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಢುಂಕಿ ಹೊಡೆದದ್ದು, ಎಲ್ಲವೂ ವಾಪಸು ಹೋಗುವ ಕರೆಂಟಿನ ಖಾತೆಗೆ ಬಿತ್ತು. ಇದಕ್ಕೆ ತದ್ವಿರುದ್ಧವಾಗಿ, ಮಂಡಿನೋವಿಗೆ ಒಳ್ಳೆಯದಂತೆ ಎಂದು ಹೊಸಮನೆ ಬಡಾವಣೆಯ ಕಡೆಯಿಂದ ಕೆಲವು ಮುದುಕರು ಬಂದು ಬಯಲಿನ ಮಣ್ಣಲ್ಲಿ ಕಾಲು ಹೂತುಕೊಂಡು ಕೂರತೊಡಗಿದರು. ಒಬ್ಬರಿಗೆ ಗುಣವೂ ಆಯಿತಂತೆ. ಇಷ್ಟಕ್ಕೆಲ್ಲ ಆಧಾರ ಯಾರು ಎಂದು ಕೇಳಿದವರಿಗೆ ಬಂಗಾರಪ್ಪ ಎದೆ ತಟ್ಟಿ ಹೇಳುತ್ತಿದ್ದ: "ಶಿವಮೊಗ್ಗದ ಓಂಕಾರಪ್ನೋರು. ಏನಂದ್ಕೊಂಡ್ರಿ? ರಿಟೈರ್ಡ್ ಚೀಫ್ ಇಂಜಿನಿಯರ್ರು!"

ಕೊನೆಗೆ ಒಂದು ಸಂಜೆ ಜಲಜಮ್ಮನ ಫೋನು ಬಂತು. ಸುಭದ್ರಮ್ಮ ಎತ್ತಿಕೊಂಡರು.

"ಸುಭದ್ರಕ್ಕ, ತಪ್ಪು ತಿಳ್ಕೋಬೇಡಿ. ನಿಮ್ಮ ಮಗಳು ಬಂಗಾರದಂಥ ಹುಡುಗಿ, ಅದಕ್ಕೇ ಹೇಳ್ತಿರೋದು. ಸೊಸೆ ಆದೋಳು ಹೊಸ್ತಿಲಲ್ಲಿ ಅಕ್ಕಿ ಸೇರು ಒದ್ದು ಬರಿಗಾಲಲ್ಲೇ ಒಳಗೆ ಬರ್ಬೇಕು. ಚಪ್ಪಲಿ ಹಾಕ್ಕೊಂಡು ಸೇರು ಒದಿಯೋಕಾಗುತ್ತಾ? ಈ ಮಣ್ಣಲ್ಲಿ ಬರಿಗಾಲಿಟ್ರೆ ಆ ಮಗು ಗತಿ ಏನು? ಟವರ್ ಕೀಳಿಸೋಕೆ ಅರ್ಜಿ ಹಾಕ್ತಿದೀವಿ. ಅದು ಹೋಗೋವರ್ಗೂ ಮದುವೆ ಮಾತು ಬೇಡ."

"ಟವರ್ ಯಾವಾಗ ಹೋಗುತ್ತೆ ಜಲಜಮ್ಮಾರೆ?"

"ಶಿವನಿಗೇ ಗೊತ್ತು. ಅಲ್ಲೀವರ್ಗೂ ಹುಡುಗೀನ ಕಾಯಿಸಿ ಅನ್ನೋ ಧೈರ್ಯ ನಂಗಿಲ್ಲ. ಬೇರೆ ಕಡೆ ನೋಡ್ಕೊಂಡ್ರೂ ನಾವು ಬೇಜಾರು ಮಾಡ್ಕೊಳ್ಳಲ್ಲ."

ಸುಭದ್ರಮ್ಮ ಫೋನಿಟ್ಟು ಗಂಡನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ. ಓಂಕಾರಪ್ಪನವರು ಅದಕ್ಕೆ ಒಗ್ಗಿದವರು. ಅವರಿಗೆ ಸಹಿಸಲಾಗದೆ ಹೋದದ್ದು ಮಗಳ ಮುಖ. ಅಕ್ಷರಾ ಕೂಗಾಡಲಿಲ್ಲ, ಬಾಗಿಲು ಬಡಿಯಲಿಲ್ಲ. ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಮುಚ್ಚಿಟ್ಟು, "ಅಪ್ಪಾಜಿ, ನಾನು ಒಂದೇ ಒಂದು ಕೇಳ್ಕೊಂಡಿದ್ದೆ," ಎಂದಷ್ಟೇ ಹೇಳಿ ಎದ್ದು ಹೋದಳು. ಅವತ್ತು ಓಂಕಾರಪ್ಪನವರೂ ಉಣ್ಣಲಿಲ್ಲ.

ಮರುದಿನ ಅವರಿಗೇ ಒಂದು ಫೋನು.

"ನಮಸ್ತೆ ಸರ್. ನಾನು ಸಮತಾ ಅಂತ, ಭದ್ರಾವತಿ ವಿದ್ಯುತ್ ಕಚೇರಿಯಿಂದ, ಅಸಿಸ್ಟೆಂಟ್ ಇಂಜಿನಿಯರ್. ಕಾಗದನಗರದೋರು ಟವರ್ ಕೀಳ್ಬೇಕು ಅಂತ ಇಲ್ಲಿ ಬಂದು ಕೂತಿದಾರೆ. ಅಷ್ಟೂ ಜನ ನೆಲಕ್ಕೆ ಕಾಲು ಇಡ್ತಾ ಇಲ್ಲ ಸರ್, ಬೆಂಚಿನ ಮೇಲೆ ಹತ್ತಿ ಕೂತಿದಾರೆ. ಚೀಫ್ ಇಂಜಿನಿಯರ್ ಓಂಕಾರಪ್ಪನವರು ಹೇಳಿದ್ದು ಅಂತಾರೆ. ತಾವು ಯಾವ ಡಿವಿಜನ್ನಲ್ಲಿದ್ರಿ ಸರ್?"

"ಭದ್ರಾವತಿ ರೂಟು," ಎಂದರು ಓಂಕಾರಪ್ಪ ಮೆಲ್ಲಗೆ.

"ಟ್ರಾನ್ಸ್‌ಮಿಷನ್ನಾ, ಡಿಸ್ಟ್ರಿಬ್ಯೂಷನ್ನಾ?"

"ಪ್ರೈವೇಟು."

ಆ ಕಡೆ ಫೈಲು ಮುಚ್ಚಿದ ಸದ್ದಾಯಿತು. ಆಮೇಲೆ ಸಮತಾ, "ಸರ್, ಒಂದ್ಸಲ ಆಫೀಸಿಗೆ ಬಂದು ಹೋಗ್ತೀರಾ?" ಎಂದಳು.

ಅಕ್ಷರಾಳೂ ಸುಭದ್ರಮ್ಮನೂ ಜೊತೆಗೆ ಹೊರಟರು. ಓಂಕಾರಪ್ಪನವರನ್ನು ಒಬ್ಬರನ್ನೇ ಎಲ್ಲಿಗೂ ಕಳಿಸುವ ಧೈರ್ಯ ಮನೆಯಲ್ಲಿ ಇನ್ನು ಯಾರಿಗೂ ಇರಲಿಲ್ಲ. ಬೈಗುಳ ತಿನ್ನುವ ಸಿದ್ಧತೆಯಲ್ಲಿ ತಲೆ ತಗ್ಗಿಸಿ ಕೂತ ಓಂಕಾರಪ್ಪನವರ ಮುಂದೆ ಸಮತಾ ಒಂದು ಬಿಳಿ ಹಾಳೆ ಇಟ್ಟಳು. ಬೈಯಲಿಲ್ಲ. ಅಲೆಯಲೆಯಾಗಿ ಮೂರು ಗೆರೆ ಎಳೆದಳು, ಒಂದರ ಹಿಂದೆ ಒಂದು, ಸಮನಾದ ಅಂತರ ಬಿಟ್ಟು.

"ಇದು ಆ ಮೂರು ತಂತಿ ಸರ್. ಒಂದೊಂದ್ರಲ್ಲೂ ಕರೆಂಟು ಹೋಗುತ್ತೆ, ಅದೇ ತಂತೀಲಿ ವಾಪಸ್ಸೂ ಬರುತ್ತೆ. ಸೆಕೆಂಡಿಗೆ ಐವತ್ತು ಸಲ."

"ಐವತ್ತು ಟ್ರಿಪ್ಪಾ?" ಓಂಕಾರಪ್ಪ ಬೆಚ್ಚಿದರು. "ಡ್ರೈವರು ಊಟ ಯಾವಾಗ ಮಾಡ್ಬೇಕಮ್ಮ?"

"ಮೂರೂ ಒಟ್ಟಿಗೆ ಹೊರಡಲ್ಲ ಸರ್. ಒಂದು ಹೊರಟು ಸ್ವಲ್ಪ ಆದ್ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಇಲ್ಲಿ ನೋಡಿ. ಈ ಗಳಿಗೇಲಿ ಇದ್ರಲ್ಲಿ ಪೂರ್ತಿ ಹೋಗ್ತಾ ಇದ್ರೆ, ಈ ಎರಡ್ರಲ್ಲಿ ಅರ್ಧ ಅರ್ಧ ವಾಪಸ್ ಬರ್ತಾ ಇರುತ್ತೆ. ಯಾವ ಗಳಿಗೇಲಿ ಕೂಡಿದ್ರೂ ಹೋಗಿದ್ದಕ್ಕೂ ಬಂದಿದ್ದಕ್ಕೂ ಸಮ. ಭೂಮೀಲಿ ಬರೋಕೆ ಏನೂ ಉಳಿಯಲ್ಲ."

ಓಂಕಾರಪ್ಪನವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ದೂರ ಹಿಡಿದರು. ಇದ್ದಕ್ಕಿದ್ದಂತೆ ಮೇಜು ಗುದ್ದಿದರು.

"ಕ್ರಾಸಿಂಗು! 
ಇದು ನಮ್ಮ ಕ್ರಾಸಿಂಗು ಕಣಮ್ಮ! ಒಂದು ಗಾಡಿ ಫುಲ್ ಲೋಡಲ್ಲಿ ಭದ್ರಾವತಿಗೆ ಹೋಗ್ತಿದ್ರೆ, ಎರಡು ಗಾಡಿ ಅರ್ಧರ್ಧ ಜನ ತುಂಬ್ಕೊಂಡು ಈ ಕಡೆ ಬರ್ತಿರ್ತವೆ. ಮಾಚೇನಹಳ್ಳೀಲಿ ನಿಂತು ಯಾವಾಗ ಎಣಿಸಿದ್ರೂ ಅಷ್ಟಕ್ಕಷ್ಟೇ. ವಾಪಸ್ ಬರೋಕೆ ಬೇರೆ ರೋಡೇ ಬೇಡ!"

ಸಮತಾ ಪೆನ್ನು ಕೆಳಗಿಟ್ಟಳು. "ಹೌದು ಸರ್. ಅಷ್ಟೇ ಇರೋದು," ಎಂದು ನಕ್ಕಳು. "ಆ ಅರ್ಥಿಂಗು, ನೆತ್ತಿ ಮೇಲಿನ ತಂತಿ, ಅವೆಲ್ಲ ಸಿಡಿಲು ಹೊಡೆದಾಗ, ಏನಾದ್ರೂ ಕೆಟ್ಟಾಗ ಅಂತ. ಟವರ್ ಮುಟ್ಟಬಾರದು, ಹತ್ತಬಾರದು, ಅದು ಬೇರೆ ಮಾತು. ಬಯಲಲ್ಲಿ ಓಡಾಡೋಕೆ ಏನೂ ಭಯ ಇಲ್ಲ. ಬನ್ನಿ, ಇದನ್ನ ಆ ಬೀದಿಯೋರಿಗೆ ನೀವೇ ಹೇಳ್ಬಿಡಿ. ನಾನು ಹೇಳಿ ಹೇಳಿ ಸಾಕಾಗಿದೆ."

ಎಷ್ಟು ಸುಲಭದ ಕೆಲಸ ಎಂದುಕೊಂಡರು ಓಂಕಾರಪ್ಪ. ಸುಳ್ಳನ್ನು ನಂಬಿದವರು ನಿಜವನ್ನು ನಂಬದೆ ಇರುತ್ತಾರೆಯೇ?

ಹಾಲೇಶಪ್ಪನವರ ಹಿತ್ತಿಲಿನಲ್ಲಿ ಬೀದಿಯೆಲ್ಲ ಕೂಡಿತ್ತು. ಹಿಂದಿನ ದಿನ ಮಳೆ ಬಿದ್ದು ಬಯಲು ಕೊಚ್ಚೆಯಾಗಿದ್ದರಿಂದ ಎಲ್ಲರೂ ಗಟ್ಟಿ ಚಪ್ಪಲಿ, ಗಮ್‌ಬೂಟು ಹಾಕಿಕೊಂಡು ಬಂದಿದ್ದರು. ಅಂಗಡಿ ಮುಚ್ಚಿ ಬಂದ ವೀರೇಂದ್ರನೂ ಒಂದು ಮೂಲೆಯಲ್ಲಿ ನಿಂತಿದ್ದ. ಓಂಕಾರಪ್ಪನವರು ಗಂಟಲು ಸರಿಮಾಡಿಕೊಂಡು, ಮೂರು ಬಸ್ಸು, ಕ್ರಾಸಿಂಗು, ಮಾಚೇನಹಳ್ಳಿ ಎಲ್ಲ ವಿವರಿಸಿ, "ಹಾಗಾಗಿ ಭೂಮೀಲಿ ಏನೂ ಬರಲ್ಲ. ನಾನವತ್ತು ಹೇಳಿದ್ದು ತಪ್ಪು," ಎಂದು ಮುಗಿಸಿದರು. ಜೀವಮಾನದಲ್ಲಿ ಅವರು ಅಷ್ಟು ಸರಿಯಾಗಿ ಏನನ್ನೂ ವಿವರಿಸಿರಲಿಲ್ಲ.

ಒಬ್ಬರಾದರೂ ತಲೆದೂಗಬೇಕಲ್ಲ!

"ಏನ್ ಸಾರ್ ಇದು?" ಬಂಗಾರಪ್ಪ ಎದ್ದು ನಿಂತ. "ಅವತ್ತು ಭೂಮೀಲಿ ಬರುತ್ತೆ ಅಂದ್ರಿ. ಇವತ್ತು ಆಫೀಸಿಗೆ ಹೋಗಿ ಕಾಫಿ ಕುಡ್ದು ಬಂದ್ಮೇಲೆ ಕರೆಂಟಿನ ದಾರೀನೇ ಬದ್ಲಾಯ್ತಾ?"

"ನಾನು ಚೀಫ್ ಇಂಜಿನಿಯರ್ ಅಲ್ಲ ಮಾರಾಯ, ಬಸ್ ಸ್ಟ್ಯಾಂಡಲ್ಲಿದ್ದೋನು!"

"ನೋಡಿ, ಈಗ ಹುದ್ದೇನೂ ಬದಲಾಯಿಸಿಬಿಟ್ರು!"

"ನೀವು ಸುಳ್ಳು ಹೇಳ್ಬೋದು," ಎಂದರು ಉಚ್ಚಂಗಮ್ಮ. "ನಮ್ಮ ಎಮ್ಮೆ ಸುಳ್ಳು ಹೇಳುತ್ತಾ?"

ಈ ಪ್ರಶ್ನೆಗೆ ಇಡೀ ಸಭೆ ಹೌದಲ್ಲ ಎಂದಿತು. "ನಾನು ನಡೆದು ತೋರಿಸ್ತೀನಿ, ನೋಡಿ," ಎಂದು ಸಮತಾ ಶೂ ಬಿಚ್ಚಲು ಹೋದಳು. ಬಂಗಾರಪ್ಪ ಕೈ ಅಡ್ಡ ಹಿಡಿದ. "ಬೇಡ ಮೇಡಂ. ನೀವು ಕಚೇರಿಯೋರು. ಆಫ್ ಮಾಡಿಸ್ಕೊಂಡೇ ಬಂದಿರ್ತೀರ."

ಆಗ ಜಲಜಮ್ಮ ಮಣೆಯ ಮೇಲೆ ನಿಂತಲ್ಲಿಂದಲೇ ತೀರ್ಪು ಕೊಟ್ಟರು. "ಹೇಳಿದೋರು ಅವ್ರು, ಅವ್ರೇ ನಡೀಲಿ. ಅವ್ರ ಮಗಳು ನಾಳೆ ಕಾಲಿಡೋ ಮಣ್ಣು. ಆ ಕೊಚ್ಚೇಲಿ ಬರಿಗಾಲಲ್ಲಿ ಟವರ್ ಹತ್ರ ಹೋಗಿ ಬರ್ಲಿ. ಬಂದ್ರೆ ಇವತ್ತೇ ಒಪ್ಪಿಗೆ. ಇಲ್ದಿದ್ರೆ ನನ್ನ ಕೇಳ್ಬೇಡಿ."

ಓಂಕಾರಪ್ಪನವರಿಗೆ ಬೆವರು ಕಿತ್ತುಕೊಂಡಿತು. ಸಮತಾ ಹೇಳಿದ್ದು ಅವರ ತಲೆಗೆ ಚೆನ್ನಾಗಿಯೇ ಹತ್ತಿತ್ತು. ಕಾಲುಗಳು ಮಾತ್ರ ಆಫೀಸಿನ ಮೇಜಿನ ಕೆಳಗೆ ಇದ್ದುಕೊಂಡು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಅವು ಇನ್ನೂ ಹಳೆಯ ಸಿದ್ಧಾಂತದಲ್ಲೇ ಇದ್ದವು. ತಾನೇ ಕಟ್ಟಿದ ಸುಳ್ಳಿಗೆ ಮನುಷ್ಯ ಇಷ್ಟು ಹೆದರಬಹುದೆಂದು ಅವರಿಗೆ ಆವರೆಗೆ ತಿಳಿದಿರಲಿಲ್ಲ.

ಸುಭದ್ರಮ್ಮ ಅವರ ತೋಳು ಹಿಡಿದು ಪಿಸುಗುಟ್ಟಿದರು. "ರೀ, ಬೇಡ. ಹೋದ್ರೆ ಹೋಗ್ಲಿ ಈ ಸಂಬಂಧ. ನೀವಿದ್ರೆ ಇನ್ನೊಂದು ಬರುತ್ತೆ."

ಓಂಕಾರಪ್ಪನವರು ಮಗಳ ಕಡೆ ನೋಡಿದರು. ಅಕ್ಷರಾ ದುಪಟ್ಟದ ಅಂಚು ಕಚ್ಚಿಕೊಂಡು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ತಂದೆಯನ್ನಲ್ಲ, ಮೂಲೆಯಲ್ಲಿದ್ದ ಆ ಹುಡುಗನನ್ನು. ಇನ್ನು ನೋಡಲು ಸಿಗುತ್ತಾನೋ ಇಲ್ಲವೋ ಎಂಬಂತೆ ನೋಡುತ್ತಿದ್ದಳು. ಓಂಕಾರಪ್ಪನವರು ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು, "ಶಿವ ಶಿವಾ" ಎಂದು ಕೊಚ್ಚೆಗೆ ಕಾಲಿಟ್ಟರು.

ತಣ್ಣಗಿತ್ತು. ಏನೂ ಆಗಲಿಲ್ಲ. ಇನ್ನೊಂದು ಹೆಜ್ಜೆ. ಆಗಲೂ ಏನಿಲ್ಲ. ಹಿಂದೆ ಮಣೆ, ಹಲಗೆ ಹತ್ತಿ ನಿಂತ ಜನ. ಮೇಲೆ ಗುಂಯ್ ಎನ್ನುವ ಮೂರು ತಂತಿ. ಅರ್ಧ ಬಯಲು ದಾಟಿದರು. ಈಗ ಅವರ ನಡಿಗೆಗೆ ಸ್ವಲ್ಪ ಠೀವಿಯೂ ಬಂತು. ಹಿಂತಿರುಗಿ ಜನರ ಕಡೆ ಕೈ ಬೀಸೋಣವೆಂದು ಬಲಗಾಲನ್ನು ಗಟ್ಟಿಯಾಗಿ ಊರಿದರು.

ಅಂಗಾಲಿನಿಂದ ನೆತ್ತಿಯವರೆಗೆ ಏನೋ ಚುಳ್ಳೆಂದು ಹಾಯಿತು.

"ಅಯ್ಯಯ್ಯೋ ಶಿವನೇ, ಹೊಡೀತು!"

ಒಂಟಿ ಕಾಲಲ್ಲಿ ಕುಣಿಯುತ್ತ, ಎರಡೂ ಕೈ ಬಡಿಯುತ್ತ ಅವರು ಹೊಡೆದ ಕಿರುಚಾಟಕ್ಕೆ ಸಭೆ ಬರಖಾಸ್ತಾಯಿತು. ಉಚ್ಚಂಗಮ್ಮ ಪ್ಲೈವುಡ್ ಹಲಗೆ ಅಪ್ಪಿಕೊಂಡು ಓಡಿದರು. ಮಂಡಿನೋವೆಂದು ಮೆಟ್ಟಿಲು ಹತ್ತದ ಹಾಲೇಶಪ್ಪನವರು ಕಾಂಪೌಂಡನ್ನೇ ಹಾರಿದರು. ಬಂಗಾರಪ್ಪ ಕೊಟ್ಟಿಗೆಗೆ ಓಡಿ ಎಮ್ಮೆಯ ಟ್ಯೂಬಿನ ಮೇಲೆ ಹತ್ತಿ ನಿಂತ, ಎಮ್ಮೆ ಕೆಳಗಿಳಿಯಿತು. ಸಮತಾ "ಏನಿಲ್ಲ, ನಿಂತ್ಕೊಳ್ಳಿ, ಏನಿಲ್ಲ" ಎಂದು ಕೂಗುತ್ತಿದ್ದದ್ದು ಯಾರ ಕಿವಿಗೂ ಬೀಳಲಿಲ್ಲ. "ಅಪ್ಪಾಜೀ" ಎಂದು ನುಗ್ಗಿದ ಅಕ್ಷರಾಳನ್ನು ಸುಭದ್ರಮ್ಮ ಸೊಂಟಕ್ಕೆ ತಬ್ಬಿ ಹಿಡಿದು, ಎಲ್ಲಿಲ್ಲದ ದನಿಯಲ್ಲಿ ಅಳತೊಡಗಿದರು.

ಇಡೀ ಬೀದಿ ಆ ಕಡೆ ಓಡುತ್ತಿದ್ದಾಗ ಒಬ್ಬ ಮಾತ್ರ ಈ ಕಡೆ ಓಡಿ ಬಂದ. ವೀರೇಂದ್ರನ ಚಪ್ಪಲಿ ಮೊದಲ ಹೆಜ್ಜೆಗೇ ಕೊಚ್ಚೆಯಲ್ಲಿ ಕಳಚಿತು. ಅವನು ನಿಲ್ಲಲಿಲ್ಲ. ಬಂದ ರಭಸಕ್ಕೆ ಓಂಕಾರಪ್ಪನವರನ್ನು ಎರಡೂ ತೋಳಿನಿಂದ ಬಾಚಿ ತಬ್ಬಿ ಆಚೆ ಎಳೆದ. ಇಬ್ಬರೂ ಉರುಳಿ ಕೆಸರಿನಲ್ಲಿ ಮಕಾಡೆ ಬಿದ್ದರು.

ಆಮೇಲೆ ವೀರೇಂದ್ರ ಎದ್ದು ಕೂತು, ಅವರ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಅಂಗಾಲಿನ ಕೆಸರು ಒರೆಸಿ, ಬೆರಳುದ್ದದ ಒಂದು ಜಾಲಿ ಮುಳ್ಳನ್ನು ಮೆಲ್ಲಗೆ ಕಿತ್ತ.

ಅಷ್ಟರಲ್ಲಿ ಜಲಜಮ್ಮ ಅಲ್ಲಿಗೆ ಬಂದು ಮುಟ್ಟಿದ್ದರು. ಮಣೆಯೂ ಇಲ್ಲ, ಚಪ್ಪಲಿಯೂ ಇಲ್ಲ. ಸೀರೆ ಮೊಣಕಾಲವರೆಗೆ ಕೆಸರು. ಮಗನ ಬೆನ್ನಿಗೆ ಎರಡು ಗುದ್ದು ಗುದ್ದಿದರು.

"ಅಮ್ಮಂಗೆ ತಲೆನೋವು ಮಾರಾಯ, ಅಂಗಡಿಯಿಂದ ಒಂದು ಮಾತ್ರೆ ತಾ ಅಂದ್ರೆ ಎರಡು ದಿನ ಮಾಡ್ತೀಯ! ಇಲ್ಲಿ ಸಾಯೋಕೆ ಇಷ್ಟು ಬೇಗ ಓಡಿ ಬಂದ್ಯಲ್ಲೋ!" ಎಂದು ಬೈಯುತ್ತಲೇ ಅವನ ತಲೆ, ಮುಖ, ತೋಳು ಎಲ್ಲ ತಡವಿ ನೋಡಿದರು. ಓಡಿಹೋಗಿದ್ದವರು ಒಬ್ಬೊಬ್ಬರಾಗಿ ಕಾಂಪೌಂಡಿನ ಮೇಲೆ ತಲೆ ಎತ್ತಿ, ಕೊಚ್ಚೆಯಲ್ಲಿ ಬರಿಗಾಲಲ್ಲಿ ನಿಂತ ಜಲಜಮ್ಮನನ್ನು ನೋಡುತ್ತಿದ್ದರು.

ಓಂಕಾರಪ್ಪನವರಿಗೆ ಉಸಿರು ಮರಳಿ ಬಂತು. ಹುಡುಗನ ಮೇಲೆ ಅವರಿಗೂ ಸಿಟ್ಟೇ ಬಂದಿತ್ತು.

"ಕರೆಂಟ್ ಹೊಡೆದೋರನ್ನ ಮುಟ್ಟಿದ್ರೆ ಮುಟ್ಟಿದೋರಿಗೂ ಹೊಡೆಯುತ್ತೆ ಮಾರಾಯ," ಎಂದರು. "ಮೆಡಿಕಲ್ ಶಾಪ್ ಇಟ್ಟೋನು, ಅಷ್ಟೂ ಗೊತ್ತಿಲ್ವೇನೋ ನಿಂಗೆ?"

ವೀರೇಂದ್ರ ಕೈಯಲ್ಲಿದ್ದ ಮುಳ್ಳನ್ನು ನೋಡಿದ.

"ಗೊತ್ತು, ಮಾವ," ಎಂದ.

ಓಂಕಾರಪ್ಪನವರು ಕೆಸರಿನಲ್ಲಿ ಕೂತಲ್ಲೇ ಆ ಹುಡುಗನ ಕೈ ಹಿಡಿದುಕೊಂಡು, ಅಷ್ಟು ಜನರ ಮುಂದೆ, ಮಗುವಿನ ಹಾಗೆ ಅತ್ತುಬಿಟ್ಟರು. ಜಲಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಜಗಲಿಯ ಕಡೆ ತಿರುಗಿದರು.

"ನೋಡ್ತಾ ನಿಂತ್ರೆ ಹೆಂಗೆ ಬೀಗ್ರೆ?" ಎಂದು ಸುಭದ್ರಮ್ಮನನ್ನು ಕೂಗಿದರು. "ಬನ್ನಿ, ಇವ್ರಿಬ್ರಿಗೂ ನೀರು ಕಾಯಿಸೋಣ."